ಗುಬ್ಬಿ ಕಂಪನಿ

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ವೃತ್ತಿ ನಾಟಕ ಮಂಡಳಿ. ಪೂರ್ಣ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ (1891–1972) ಮುಂದೆ ಅದರ ಒಡೆಯರಾದರು. ಬೆಂಗಳೂರಿನಲ್ಲಿ ಕಂಪನಿ ಬಿಡಾರ ಹೂಡಿದರೆ ಸುತ್ತಲಿನ ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗವೇರಿದವು. ಆದರೂ ವೀರಣ್ಣನವರ ನಿಜವಾದ ಶಕ್ತಿ ಹಾಸ್ಯ: ‘ಸದಾರಮೆ’ಯ ಕಳ್ಳನ ಪಾತ್ರ ಅವರಿಗೆ ಅಪಾರ ಕೀರ್ತಿ ತಂದಿತು. ಹಾರ್ಮೋನಿಯಂ, ತಬಲದ ಹಿಮ್ಮೇಳದಲ್ಲಿ ಹಾಡು ಮುಗಿಯುತ್ತಿದ್ದಂತೆ ಸಭೆಯಿಂದ ‘ಒನ್ಸ್ ಮೋರ್’ ಕೂಗು ಬಂದರೆ ನಟರು ಮತ್ತೆ ಹಾಡಲೇಬೇಕಿತ್ತು. ಬಿ. ಜಯಮ್ಮ, ಜಿ.ವಿ. ಅಯ್ಯರ್, ರಾಜ್‌ಕುಮಾರ್ ಇಲ್ಲಿ ಪಳಗಿದವರು. ಸಿನಿಮಾ ಬಲಿತಂತೆ ಕಂಪನಿ ನಾಟಕ ಸೊರಗಿತು. ಆದರೂ ಬೆಂಗಳೂರಿನ ಯಲಹಂಕದ ಆಸುಪಾಸಿನ ಹಳ್ಳಿಗಳಲ್ಲಿ ಹವ್ಯಾಸಿಗಳು ಬಾಡಿಗೆ ಸೀನರಿ ಕಟ್ಟಿ ರಾತ್ರಿಯಿಡೀ ಆಡುವ ಪೌರಾಣಿಕ ನಾಟಕಗಳು ಇದೇ ಪರಂಪರೆಯವು.