ಶಕ್ತಿ ಮತ್ತು ಪರಿಸರ ಅಧ್ಯಯನ: ಕರ್ನಾಟಕದಲ್ಲಿ ವಿಶ್ವವಿದ್ಯಾಲಯ ಶಿಕ್ಷಣದ ಇತಿಹಾಸ

ಶಕ್ತಿ ಮತ್ತು ಪರಿಸರ ಕುರಿತ ಉನ್ನತ ಶಿಕ್ಷಣ ಕರ್ನಾಟಕದಲ್ಲಿ ಬೇರೂರಿದ್ದು ಹಳ್ಳಿಗಳ ಒಲೆಯ ಮುಂದೆ. 1973ರ ತೈಲ ಬಿಕ್ಕಟ್ಟಿನ ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಘಟಕ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದ ಈ ತಂಡ, ಸುತ್ತಲಿನ ಊರುಗಳಲ್ಲಿ ಸೌದೆ, ಸೀಮೆಎಣ್ಣೆ, ಎತ್ತಿನ ದುಡಿಮೆ, ಮನುಷ್ಯರ ದುಡಿಮೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿತು. ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಅಡುಗೆಯ ಸೌದೆಯದಾಗಿತ್ತು. ಮೈದುಡಿಮೆಯಲ್ಲಿ ಹೆಂಗಸರ ಪಾಲು ಗಂಡಸರದಕ್ಕಿಂತ ಹೆಚ್ಚಿತ್ತು. ಶಕ್ತಿಯೆಂದರೆ ಅಣೆಕಟ್ಟು, ಕಲ್ಲಿದ್ದಲು ಎಂದಷ್ಟೇ ಯೋಚಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ತಿದ್ದುಪಡಿ. ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ‘ಅಸ್ತ್ರ ಒಲೆ’ ಈ ತಂಡದ್ದೇ ಕೊಡುಗೆ.

ಅದೇ ತಾಲ್ಲೂಕಿನ ಪುರ ಗ್ರಾಮದ ಗೋಬರ್ ಗ್ಯಾಸ್ ಪ್ರಯೋಗ ಮೊದಲು ಸೋತಿತು. ಊರಿಗೆಲ್ಲ ಅಡುಗೆಗೆ ಸಾಕಾಗುವಷ್ಟು ಅನಿಲ ಸಿಗಲಿಲ್ಲ. ಊರವರು ಕೇಳಿದ್ದು ಕುಡಿಯುವ ನೀರು. 1987ರಿಂದ ಆ ಅನಿಲದಿಂದಲೇ ಎಂಜಿನ್ ಓಡಿಸಿ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಮನೆಯವರು ಸಗಣಿ ತಂದು ತೂಗಿಸಿ, ಅದಕ್ಕೆ ಹಣ ಪಡೆದು, ಅನಿಲ ತೆಗೆದ ಬಗ್ಗಡವನ್ನು ಗೊಬ್ಬರಕ್ಕೆ ಒಯ್ಯುತ್ತಿದ್ದರು. ಜನರ ಅಗತ್ಯ ಕೇಳಿ ತಂತ್ರಜ್ಞಾನ ರೂಪಿಸುವ ಈ ಪಾಠವೇ ಇಡೀ ಇತಿಹಾಸದಲ್ಲಿ ಅತ್ಯಂತ ಬೆಲೆಯುಳ್ಳದ್ದು. ‘ಅಸ್ತ್ರ’ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ 1983ರಲ್ಲಿ ವಿಜ್ಞಾನ ಸಂಸ್ಥೆಯ ಅದೇ ಆವರಣದಲ್ಲಿ ಹುಟ್ಟಿತು.

1974ರ ಜಲಮಾಲಿನ್ಯ ಕಾಯ್ದೆ, ಭೋಪಾಲ್ ದುರಂತದ ಬಳಿಕ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇವುಗಳಿಂದ ತ್ಯಾಜ್ಯನೀರು ಪರೀಕ್ಷಿಸಬಲ್ಲ ತಜ್ಞರು ಬೇಕಾದರು. ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳು ಬೆಳೆದವು. ಶಕ್ತಿ ವಿಷಯ ಮಾತ್ರ ಎಂಜಿನಿಯರಿಂಗ್ ಕಾಲೇಜುಗಳ ಪಾಲಾಯಿತು. 2001ರ ಇಂಧನ ಸಂರಕ್ಷಣಾ ಕಾಯ್ದೆ ಅಲ್ಲಿ ಅದಕ್ಕೆ ಬಲ ಕೊಟ್ಟಿತು. ಉಂಗ್ರದಲ್ಲಿ ಒಂದೇ ಆಗಿದ್ದದ್ದು ಹೀಗೆ ಎರಡಾಗಿ ಒಡೆದದ್ದು ದೊಡ್ಡ ನಷ್ಟ.

ಪದವಿಯ ಎಲ್ಲ ವಿದ್ಯಾರ್ಥಿಗಳಿಗೂ ಪರಿಸರ ಪಾಠ ಕಡ್ಡಾಯವಾದದ್ದು ನ್ಯಾಯಾಲಯದ ದಾರಿಯಿಂದ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ನೀಡಿದ ತೀರ್ಪನ್ನು ಅನುಸರಿಸಿ, ಹಲವು ವರ್ಷಗಳ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆರು ತಿಂಗಳ ಪಠ್ಯ ಸಿದ್ಧಪಡಿಸಿತು. ಅದರ 50 ತರಗತಿಗಳಲ್ಲಿ ಕ್ಷೇತ್ರಕಾರ್ಯಕ್ಕೆ ಸಿಕ್ಕಿದ್ದು 5 ಮಾತ್ರ.

ರಾಜ್ಯದ ಉತ್ತರ ತುದಿಯ ಬೀದರ್ ಜಿಲ್ಲೆಗೆ ಈ ಶಿಕ್ಷಣ ಮುಖ್ಯವಾಗಿ ಕಲಬುರಗಿಯ ಮೂಲಕ ಬಂದಿತು. ಅಲ್ಲಿದ್ದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬೀದರಿಗೆ ತನ್ನದೇ ಸಾಮಾನ್ಯ ವಿಷಯಗಳ ವಿಶ್ವವಿದ್ಯಾಲಯ ದಕ್ಕಿದ್ದು 2023ರಲ್ಲಿ. ಹುಮನಾಬಾದ್ ಕಡೆಯ ನಿರ್ಣಾದಂಥ ಊರುಗಳ ಸುತ್ತ ಅಧ್ಯಯನಕ್ಕೆ ವಸ್ತು ಧಾರಾಳ: ಒಲೆಗೆ ಹೋಗುವ ತೊಗರಿ ಕಟ್ಟಿಗೆ, ಕುಳ್ಳು, ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಉರಿಯುವ ಕಬ್ಬಿನ ಸಿಪ್ಪೆ, ಬೀದರಿನ ಜಂಬಿಟ್ಟಿಗೆ ಬಂಡೆ ಕೊರೆದು ಬಹಮನಿ ಕಾಲದಲ್ಲಿ ನೀರು ಹರಿಸಿದ ಸುರಂಗ ಬಾವಿಗಳು. ಪಂಪಿಲ್ಲದೆ, ಇಳಿಜಾರನ್ನೇ ನಂಬಿ ನೀರು ಸಾಗಿಸಿದ ಆ ಸುರಂಗಗಳಲ್ಲಿ ಶಕ್ತಿ, ಪರಿಸರ ಎರಡೂ ವಿಷಯಗಳ ಪಾಠ ಒಟ್ಟಿಗೇ ನಡೆಯಬಲ್ಲದು.