ಲಿನಕ್ಸ್ ಗಣಕಕ್ಕೆ ಅಗ್ಗದ ವೈ-ಫೈ ಕಾರ್ಡ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಬೆಂಗಳೂರು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಗಣಕಗಳನ್ನು ಗುಜರಿಗೆ ಹಾಕುವ ಬದಲು ಉಬುಂಟು, ಮಿಂಟ್, ಡೆಬಿಯನ್ ಮುಂತಾದ ಲಿನಕ್ಸ್ ಆವೃತ್ತಿಗಳನ್ನು ಅಳವಡಿಸಿಕೊಳ್ಳುವುದು ಮಿತವ್ಯಯದ ಮಾರ್ಗ. ಆದರೆ ಎಲ್ಲವೂ ಸುಸೂತ್ರವಾಗಿ ನಡೆದ ಮೇಲೂ ವೈ-ಫೈ ಮಾತ್ರ ಕಾಣಿಸದಿರುವ ಪ್ರಸಂಗಗಳುಂಟು. ಆಗ ಅವಸರದಲ್ಲಿ ಕೊಂಡು ತಂದ ಅಡಾಪ್ಟರ್ ಕೂಡ ಕೈಕೊಟ್ಟರೆ ಉಳಿಸಿದ ಹಣವೂ ದಂಡವಾಗುತ್ತದೆ.

ಹೆಸರಲ್ಲ, ಚಿಪ್ ಮುಖ್ಯ

ಡಬ್ಬಿಯ ಮೇಲಿನ ಕಂಪನಿಯ ಹೆಸರು ಲಿನಕ್ಸ್‌ಗೆ ಲೆಕ್ಕವಿಲ್ಲ. ಅದು ಗುರುತಿಸುವುದು ಒಳಗಿರುವ ಚಿಪ್ ಅನ್ನು. ಒಂದೇ ಮಾದರಿಯ ಹೆಸರಿನಡಿ ಬೇರೆ ಬೇರೆ ಚಿಪ್‌ಗಳು ಬರುವುದೇ ಗ್ರಾಹಕರಿಗೆ ಎದುರಾಗುವ ದೊಡ್ಡ ತೊಡಕು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಇದರ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಎಆರ್9271 ಚಿಪ್ ಇತ್ತು. ನಂತರದ ಎರಡು ಮತ್ತು ಮೂರನೇ ಆವೃತ್ತಿಗಳಲ್ಲಿ ರಿಯಲ್‌ಟೆಕ್ ಚಿಪ್ ಬಂದಿತು. ಹೊರನೋಟಕ್ಕೆ ಒಂದೇ ವಸ್ತು, ಬೇಕಾಗುವ ಚಾಲಕ ತಂತ್ರಾಂಶ ಮಾತ್ರ ಬೇರೆ. ಆದ್ದರಿಂದ ಮಾದರಿ ಸಂಖ್ಯೆಯ ಜೊತೆಗೆ ಆವೃತ್ತಿ ಸಂಖ್ಯೆಯನ್ನೂ ನೋಡತಕ್ಕದ್ದು.

ಚಾಲಕ ಎಲ್ಲಿರಬೇಕು?

ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಚಾಲಕ ಸೇರಿದ್ದರೆ ಕಾರ್ಡ್ ಸಿಕ್ಕಿಸಿದೊಡನೆ ಕೆಲಸ ಮಾಡುತ್ತದೆ. ಹಿಂದೆ ಈ ಅನುಕೂಲ ಎಲ್ಲ ಕಾರ್ಡ್‌ಗಳಿಗೂ ಇರಲಿಲ್ಲ. ವಿಂಡೋಸ್‌ಗಾಗಿ ಬರೆದ ಚಾಲಕವನ್ನೇ ಲಿನಕ್ಸ್‌ನಲ್ಲಿ ಓಡಿಸುವ ಉಪಾಯಗಳನ್ನು ಬಳಕೆದಾರರು ಅವಲಂಬಿಸಿದ್ದರು. ಅಥೆರಾಸ್ ಕಂಪನಿಯ ಮುಕ್ತ ಚಾಲಕ 2008ರಲ್ಲಿ ಕರ್ನೆಲ್ ಸೇರಿತು. 2010ರಲ್ಲಿ ಬ್ರಾಡ್‌ಕಾಮ್ ಕೂಡ ಮುಕ್ತ ಚಾಲಕವನ್ನು ಬಿಡುಗಡೆ ಮಾಡಿತು.

ಕರ್ನೆಲ್‌ನಲ್ಲಿ ಚಾಲಕವಿಲ್ಲದಿದ್ದರೆ ಅದನ್ನು ಹೊರಗಿನಿಂದ ತಂದು ಕಟ್ಟಿಕೊಳ್ಳಬೇಕು. ಇಂತಹ ಚಾಲಕ ಕರ್ನೆಲ್ ನವೀಕರಣದ ನಂತರ ನಿಂತುಹೋಗಬಹುದು. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಸಹಿ ಮಾಡುವ ಕೆಲಸವೂ ಸೇರಿಕೊಳ್ಳುತ್ತದೆ. ಹೊಸಬರು ಈ ಗೊಡವೆಗೆ ಹೋಗದಿರುವುದು ಲೇಸು.

ಯಾವುದನ್ನು ಆರಿಸಬಹುದು?

* ಎಆರ್9271: ಯುಎಸ್‌ಬಿ ಕಾರ್ಡ್‌ಗಳಲ್ಲಿ ದೊರೆಯುವ ಹಳೆಯ, ನಂಬಿಕಸ್ಥ ಚಿಪ್. 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ.
* ಮೀಡಿಯಾಟೆಕ್ ಎಂಟಿ7610ಯು ಮತ್ತು ಎಂಟಿ7612ಯು: 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಲಭ್ಯ. ಕರ್ನೆಲ್ 4.19ರಿಂದ ಬೆಂಬಲವಿದೆ.
* ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್210: ಎಂ.2 ಕಿಂಡಿಯುಳ್ಳ ಲ್ಯಾಪ್‌ಟಾಪ್‌ಗಳಿಗೆ. ಮೊದಲನೆಯದಕ್ಕೆ ಕರ್ನೆಲ್ 5.1, ಎರಡನೆಯದಕ್ಕೆ 5.10 ಅಥವಾ ನಂತರದ್ದು ಬೇಕು.

ಇಂಟೆಲ್ ಕಾರ್ಡ್ ಕೊಳ್ಳುವವರು ಕೊನೆಯ ಅಂಕಿಯನ್ನು ಗಮನಿಸಬೇಕು. ಎಎಕ್ಸ್201 ಹಾಗೂ ಎಎಕ್ಸ್211 ಕಾರ್ಡ್‌ಗಳು ಅವುಗಳಿಗೆಂದೇ ವ್ಯವಸ್ಥೆಯಿರುವ ಇಂಟೆಲ್ ಗಣಕಗಳಲ್ಲಿ ಮಾತ್ರ ನಡೆಯುತ್ತವೆ. ಎಎಂಡಿ ಗಣಕಕ್ಕೆ ಒಗ್ಗುವುದಿಲ್ಲ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ತಾನು ಒಪ್ಪಿದ ಕಾರ್ಡ್‌ಗಳನ್ನಷ್ಟೇ ಸ್ವೀಕರಿಸುತ್ತದೆ. ಅಂತಹವುಗಳಿಗೆ ಯುಎಸ್‌ಬಿ ಕಾರ್ಡೇ ಗತಿ.

ರಿಯಲ್‌ಟೆಕ್ ಚಿಪ್‌ಗಳನ್ನು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. 2023ರಲ್ಲಿ ಬಂದ ಕರ್ನೆಲ್ 6.2ರಿಂದ ಅವುಗಳ ಹಲವು ಯುಎಸ್‌ಬಿ ಚಿಪ್‌ಗಳಿಗೆ ಬೆಂಬಲ ದೊರೆತಿದೆ. ತಮ್ಮಲ್ಲಿರುವ ಕರ್ನೆಲ್ ಹಳೆಯದಾಗಿದ್ದರೆ ಮಾತ್ರ ಎಚ್ಚರಿಕೆ ಅಗತ್ಯ.

ವೇಗದ ಲೆಕ್ಕಾಚಾರ

ಡಬ್ಬಿಯ ಮೇಲಿನ ‘150 ಎಂಬಿಪಿಎಸ್’ ಎಂಬುದು ಗರಿಷ್ಠ ಸೈದ್ಧಾಂತಿಕ ವೇಗ. ಅದಕ್ಕೆ 40 ಮೆಗಾಹರ್ಟ್ಸ್ ಅಗಲದ ವಾಹಿನಿ ಬೇಕು. ಅಕ್ಕಪಕ್ಕದ ಮನೆಗಳ ವೈ-ಫೈ ತುಂಬಿದ ನಗರಗಳಲ್ಲಿ ಅದು 20 ಮೆಗಾಹರ್ಟ್ಸ್‌ಗೆ ಇಳಿದರೆ ಗರಿಷ್ಠ ವೇಗ 72 ಎಂಬಿಪಿಎಸ್ ಆಗುತ್ತದೆ. ಕೈಗೆ ಸಿಗುವುದು ಇನ್ನೂ ಕಡಿಮೆ. ಇ-ಮೇಲ್, ಸುದ್ದಿ ಓದುವಿಕೆ, ಆನ್‌ಲೈನ್ ಪಾಠಕ್ಕೆ ಇದು ಸಾಕು. ಮನೆಯಲ್ಲಿ 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಇರುವವರು ಕೊಂಚ ಹೆಚ್ಚು ಕೊಟ್ಟು 5 ಗಿಗಾಹರ್ಟ್ಸ್ ಕಾರ್ಡ್ ಕೊಳ್ಳುವುದು ಸೂಕ್ತ.

ಪರೀಕ್ಷಿಸುವ ಬಗೆ

ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಗಣಕವನ್ನು ಆರಂಭಿಸಿದರೆ ಏನನ್ನೂ ಅಳವಡಿಸದೆಯೇ ಕಾರ್ಡನ್ನು ಪರೀಕ್ಷಿಸಬಹುದು. ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗೆ ಹೋಗುವವರು ಲ್ಯಾಪ್‌ಟಾಪ್ ಮತ್ತು ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲೇ ನೋಡಬಹುದು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ಕೊಟ್ಟರೆ ಕಾರ್ಡಿನ ಗುರುತಿನ ಸಂಖ್ಯೆ ತಿಳಿಯುತ್ತದೆ. ಗಣಕದೊಳಗೆ ಜೋಡಿಸಿದ ಕಾರ್ಡ್‌ಗಳಿಗೆ ‘ಎಲ್‌ಎಸ್‌ಪಿಸಿಐ’ ಬಳಸಬೇಕು. ಆ ಸಂಖ್ಯೆಯಿಂದ ಚಿಪ್ ಯಾವುದೆಂದು ಅಂತರ್ಜಾಲದಲ್ಲಿ ಖಚಿತಪಡಿಸಿಕೊಳ್ಳಬಹುದು.

ಈಗಾಗಲೇ ಇರುವ ಕಾರ್ಡ್ ಕೆಲಸ ಮಾಡದಿದ್ದರೆ ಹೊಸದನ್ನು ಕೊಳ್ಳುವ ಮೊದಲು ಇನ್ನೊಂದು ಪ್ರಯತ್ನ ಮಾಡಬಹುದು. ಹಲವು ಸಲ ಕೊರತೆಯಿರುವುದು ಚಿಪ್‌ಗೆ ಬೇಕಾದ ಫರ್ಮ್‌ವೇರ್ ಕಡತದ್ದು ಮಾತ್ರ. ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಟೆದರಿಂಗ್ ಮೂಲಕ ಅಂತರ್ಜಾಲ ಪಡೆದು, ವ್ಯವಸ್ಥೆಯನ್ನು ನವೀಕರಿಸಿದರೆ ಅದು ಬಂದು ಸೇರಬಹುದು. ಇಷ್ಟರಿಂದಲೇ ವೈ-ಫೈ ಕಾಣಿಸಿಕೊಂಡರೆ ಹೊಸ ಕಾರ್ಡಿನ ಖರ್ಚೇ ಇಲ್ಲ.