ದೇವಗಿರಿ: ಕಥೆಯೂ ಕಲ್ಲೂ

ನಾಸಿಕದ ಹಾದಿ ಹಿಡಿದ ಮುಂಬಯಿ ಕನ್ನಡಿಗರಾದ ನಮಗೆ ಘೋಟಿಯಲ್ಲಿ ಸಿನ್ನರಿನ ರಸ್ತೆ ಎದುರಾಗುತ್ತದೆ. ಸಿನ್ನರ್ ಸೇವುಣ ಅರಸರ ಹಳೆಯ ನೆಲೆ. 12ನೆಯ ಶತಮಾನದ ಕೊನೆಯಲ್ಲಿ ಐದನೆಯ ಭಿಲ್ಲಮನು ದೇವಗಿರಿಯನ್ನು ರಾಜಧಾನಿ ಮಾಡಿಕೊಂಡನು. ಈ ವಂಶದ ನೂರಾರು ಶಾಸನಗಳು ಕನ್ನಡದಲ್ಲಿವೆ. ಆದ್ದರಿಂದ ಆ ಕೋಟೆ ನಮಗೆ ಪರಕೀಯವಲ್ಲ.

1296ರಲ್ಲಿ ಅಲ್ಲಾವುದ್ದೀನನು ಮುತ್ತಿದಾಗ, ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಮೂಟೆಗಳಲ್ಲಿ ಧಾನ್ಯವಿರದೆ ಉಪ್ಪಿತ್ತೆಂದು ಫೆರಿಷ್ಟಾ ಬರೆಯುತ್ತಾನೆ. ಆದರೆ ಅವನು ಬರೆದದ್ದು ಮುನ್ನೂರು ವರ್ಷಗಳ ತರುವಾಯ. 14ನೆಯ ಶತಮಾನದಲ್ಲಿ ಕಣ್ಣಾರೆ ಕಂಡ ಇಬ್ನ್ ಬತೂತನಾದರೋ ಬಂಡೆ ಕಡಿದು ಮಾಡಿದ ಕೋಟೆಯನ್ನೂ ರಾತ್ರಿ ಮೇಲಕ್ಕೆಳೆದುಕೊಳ್ಳುವ ಚರ್ಮದ ಏಣಿಯನ್ನೂ ವರ್ಣಿಸಿದ್ದಾನೆ. ಏಣಿ ಇಂದು ಇಲ್ಲ. ನೆಟ್ಟಗೆ ಕಡಿದ ಬಂಡೆ, ಆಳವಾದ ಕಂದಕ ಅವನ ಮಾತಿಗೆ ಸಾಕ್ಷಿಯಾಗಿ ನಿಂತಿವೆ. ಕೆಳಗಿನ ಮಸೀದಿಯಲ್ಲಿರುವ ದೇಗುಲದ ಕಂಬಗಳು ಯಾವ ಗ್ರಂಥಕ್ಕೂ ಕಾಯದೆ ತಮ್ಮ ಚರಿತ್ರೆಯನ್ನು ತಾವೇ ಹೇಳುತ್ತವೆ.

ಕಥೆಯನ್ನು ಕೇಳೋಣ, ಕಲ್ಲನ್ನು ನೋಡಿ ನಂಬೋಣ.